ಪಿಸ್ಸಾರೋನ ಶಿಷ್ಯ

1872ರಲ್ಲಿ ಪಾಲ್ ಸೆಜಾನ್‌ಗೆ 33 ವರ್ಷ. ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನವಾದ ಸಲೋನ್ ಅವನ ಚಿತ್ರಗಳನ್ನು ಮತ್ತೆ ಮತ್ತೆ ತಿರಸ್ಕರಿಸಿತ್ತು. ಸಂಗಾತಿ ಓರ್ತಾನ್ಸ್ ಮತ್ತು ಆ ಜನವರಿಯಲ್ಲಷ್ಟೇ ಹುಟ್ಟಿದ ಮಗನ ಸುದ್ದಿಯನ್ನು ಅವನು ಅಪ್ಪನಿಂದ ಮುಚ್ಚಿಟ್ಟಿದ್ದ. ಮನೆ ನಡೆಯುತ್ತಿದ್ದುದು ಅಪ್ಪ ಕಳಿಸುವ ಹಣದಿಂದಲೇ. ಅವನ ಹೆಚ್ಚಿನ ಚಿತ್ರಗಳಲ್ಲಿ ಕಪ್ಪು, ಕಂದು ತುಂಬಿತ್ತು. ಆ ವರ್ಷ ಅವನು ಪ್ಯಾರಿಸ್ಸಿನ ಹೊರಗಿನ ಪೊಂತ್ವಾಜ್ ಎಂಬ ಊರಿಗೆ, ಕಮಿಲ್ ಪಿಸ್ಸಾರೋ ಬಳಿಗೆ ಹೋದ.

ಪಿಸ್ಸಾರೋ ಆ ಊರಿನವನಲ್ಲ. ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿ, 1830ರಲ್ಲಿ. 1870ರ ಯುದ್ಧದಲ್ಲಿ ಲಂಡನ್ನಿಗೆ ಓಡಿಹೋಗಿದ್ದ. ಮರಳಿ ಬರುವಷ್ಟರಲ್ಲಿ ಪ್ರಷ್ಯದ ಸೈನಿಕರು ಲೂವ್ಸಿಯೆನ್‌ನ ಅವನ ಮನೆಯಲ್ಲಿ ಬೀಡುಬಿಟ್ಟು, ಅಲ್ಲಿದ್ದ ಚಿತ್ರಗಳಲ್ಲಿ ಬಹುಪಾಲನ್ನು ಹಾಳುಮಾಡಿದ್ದರು. ಕಲಿಸಲು ನಿಂತಾಗ ಅವನೂ ಹೊಸದಾಗಿ ಆರಂಭಿಸುತ್ತಿದ್ದವನೇ.

ಕಲಿಕೆ ಶುರುವಾದದ್ದು ನಕಲಿನಿಂದ. ಪಿಸ್ಸಾರೋ 1871ರಲ್ಲಿ ಬರೆದಿದ್ದ ಲೂವ್ಸಿಯೆನ್‌ನ ದೃಶ್ಯವೊಂದನ್ನು ಸೆಜಾನ್ ಎರವಲು ಪಡೆದು, ಸ್ವಲ್ಪ ಚಿಕ್ಕ ಕ್ಯಾನ್ವಾಸಿನ ಮೇಲೆ ಮತ್ತೆ ಬರೆದ. ಆಮೇಲೆ ಇಬ್ಬರೂ ಬಯಲಿಗೆ ಹೊರಟರು. ಇದು ಸಾಧ್ಯವಾದದ್ದಕ್ಕೆ ಒಂದು ಸಣ್ಣ ವಸ್ತುವೂ ಕಾರಣ: 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ಪೇಟೆಂಟ್ ಪಡೆದ ಲೋಹದ ಟ್ಯೂಬು. ಅದಕ್ಕೂ ಮೊದಲು ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡಬೇಕಿತ್ತು. ಒಮ್ಮೆ ಚುಚ್ಚಿ ತೆಗೆದರೆ ಉಳಿದ ಬಣ್ಣ ಬೇಗ ಗಟ್ಟಿಯಾಗುತ್ತಿತ್ತು.

ಪಿಸ್ಸಾರೋನ ಪಾಠ ಏನಿತ್ತು? ಮುಂದೆ ಅವನು ಒಬ್ಬ ತರುಣ ಚಿತ್ರಕಾರನಿಗೆ ಹೇಳಿದ ಮಾತುಗಳಿಂದ ಅದು ತಿಳಿಯುತ್ತದೆ. ವಸ್ತುವಿನ ಸುತ್ತ ಗೆರೆ ಎಳೆದು ಬಿಗಿಯಬೇಡ, ಬಣ್ಣದ ಸರಿಯಾದ ಸ್ಪರ್ಶವೇ ಆಕಾರ ಕೊಡುತ್ತದೆ. ಆಕಾಶ ಮುಗಿಸಿ ಮರ, ಮರ ಮುಗಿಸಿ ನೆಲ ಎಂದು ಹೋಗಬೇಡ. ಎಲ್ಲವನ್ನೂ ಒಟ್ಟಿಗೆ ಬೆಳೆಸು, ಒಂದರ ಬಣ್ಣ ಇನ್ನೊಂದರ ಮೇಲೆ ಹೇಗೆ ಬೀಳುತ್ತದೆಂದು ನೋಡು. ಬಣ್ಣ ಹಚ್ಚಲು ಹೆದರಬೇಡ. ಗುರು ಎಂದರೆ ಪ್ರಕೃತಿ ಮಾತ್ರ.

ಸಲೋನ್ ಮೆಚ್ಚುತ್ತಿದ್ದ ನುಣುಪಾದ, ಸ್ಟುಡಿಯೋದಲ್ಲಿ ಪದರಪದರವಾಗಿ ಮುಗಿಸಿದ ಚಿತ್ರಕ್ಕೆ ಇದು ತದ್ವಿರುದ್ಧ. ಸೆಜಾನ್‌ನ ಕ್ಯಾನ್ವಾಸಿನಲ್ಲಿ ಕಪ್ಪು ಹಿಂದೆ ಸರಿಯಿತು. ಪಕ್ಕದ ಓವೆರ್ ಹಳ್ಳಿಯಲ್ಲಿ 1873ರಲ್ಲಿ ಬರೆದ ‘ಗಲ್ಲಿಗೇರಿದವನ ಮನೆ’ಯಲ್ಲಿ ಹಳದಿ, ಹಸಿರು, ನೀಲಿ ಬೆಳಗುತ್ತವೆ. 1874ರಲ್ಲಿ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನದಲ್ಲಿ ಅದನ್ನು ಇಟ್ಟಾಗ ನಕ್ಕವರು ಬಹಳ. ಆದರೆ ಕೊಳ್ಳುವವನೊಬ್ಬನೂ ಸಿಕ್ಕಿದ.

ಹಾಗೆಂದು ಶಿಷ್ಯ ಗುರುವಿನ ಪಡಿಯಚ್ಚಾಗಲಿಲ್ಲ. ಇಬ್ಬರನ್ನೂ ನೋಡಿದ ಹಳ್ಳಿಗನೊಬ್ಬ, ಪಿಸ್ಸಾರೋ ಬಣ್ಣವನ್ನು ಚುಚ್ಚುತ್ತಾನೆ, ಸೆಜಾನ್ ಮೆತ್ತುತ್ತಾನೆ ಎಂದನಂತೆ. 1875ರ ಹೊತ್ತಿಗೆ ಗುರುವೇ ಶಿಷ್ಯನಂತೆ ಚಪ್ಪಟೆ ಅಲಗು ಹಿಡಿದು ಬಣ್ಣ ಮೆತ್ತಿ ನೋಡಿದ. ಒಂಬತ್ತು ವರ್ಷ ಹಿರಿಯನಾದವನು ಕಿರಿಯನಿಂದ ಕಲಿಯಲು ಹಿಂಜರಿಯಲಿಲ್ಲ.

ಆಮೇಲೆ ಅವರ ದಾರಿಗಳು ಬೇರೆಯಾದವು. ಸೆಜಾನ್ ದಕ್ಷಿಣದ ತನ್ನೂರು ಎಕ್ಸ್‌ಗೆ ಮರಳಿ, ಇಂಪ್ರೆಷನಿಸಮ್ಮನ್ನು ದಾಟಿ ಬಹುದೂರ ಹೋದ. ಹೊಸ ಪೀಳಿಗೆ ಅವನನ್ನೇ ಗುರುವೆಂದು ಕಾಣತೊಡಗಿತು. ಪಿಸ್ಸಾರೋ 1903ರಲ್ಲಿ ತೀರಿಕೊಂಡ. 1906ರಲ್ಲಿ ಎಕ್ಸ್‌ನ ಪ್ರದರ್ಶನವೊಂದರ ಕ್ಯಾಟಲಾಗಿನಲ್ಲಿ 67ರ ಸೆಜಾನ್ ತನ್ನನ್ನು ‘ಪಿಸ್ಸಾರೋನ ಶಿಷ್ಯ’ ಎಂದೇ ನಮೂದಿಸಿಕೊಂಡ. ಅದೇ ಅಕ್ಟೋಬರಿನಲ್ಲಿ ಅವನೂ ತೀರಿಹೋದ.