ಕೊಟ್ಟ ಮಾಹಿತಿ ಸಾಕಾ?

ಬಿಕಾಂ ಮುಗಿಸಿ ಬರೆದ ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ನಾನು ಎಡವಿದ್ದು ಇದೇ ಪ್ರಶ್ನೆಯಲ್ಲಿ. ಇದೇನೂ ಹೊಸ ತಲೆನೋವಲ್ಲ. 'ಆಲಿಸ್' ಕಥೆ ಬರೆದ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡ್‌ನಲ್ಲಿ ಗಣಿತ ಕಲಿಸಿದವರು. 1885ರ 'ಎ ಟ್ಯಾಂಗಲ್ಡ್ ಟೇಲ್' ಪುಸ್ತಕದಲ್ಲಿ ಅವರು ಕೇಳಿದ ಲೆಕ್ಕ ನೋಡಿ: ಗಾಯಾಳು ಮಾಜಿ ಸೈನಿಕರಲ್ಲಿ ಶೇ. 70 ಮಂದಿ ಕಣ್ಣು, 75 ಮಂದಿ ಕಿವಿ, 80 ಮಂದಿ ಕೈ, 85 ಮಂದಿ ಕಾಲು ಕಳೆದುಕೊಂಡಿದ್ದಾರೆ. ನಾಲ್ಕನ್ನೂ ಕಳೆದುಕೊಂಡವರು ಕನಿಷ್ಠ ಎಷ್ಟು?

ನೂರು ಜನ ಅಂದ್ಕೊಳ್ಳಿ. ಒಟ್ಟು ಗಾಯ 310. ತಲಾ ಮೂರರಂತೆ ಹಂಚಿದರೆ 300. ಉಳಿದ 10 ಗಾಯ ಹತ್ತು ಜನರಿಗೆ ನಾಲ್ಕನೆಯದಾಗಿ ಬೀಳಲೇಬೇಕು. ಉತ್ತರ: ಶೇ. 10.

ಈಗ 'ಕನಿಷ್ಠ' ಅನ್ನೋ ಪದ ತೆಗೀರಿ. 10ರಿಂದ 70ರವರೆಗೆ ಎಷ್ಟಾದರೂ ಇರಬಹುದು, ಮಾಹಿತಿ ಸಾಲದು! ಅವತ್ತು ಅಂಥದ್ದೇ ಪ್ರಶ್ನೆಗೆ ನಾನು ಊಹಿಸಿ ಒಂದು ಸಂಖ್ಯೆ ಹಿಡಿದು ಮಾರ್ಕ್ಸ್ ಕಳ್ಕೊಂಡೆ. ನೀವು ಮೊದಲು ಪ್ರಶ್ನೆ ಓದಿ, ಆಮೇಲೆ ಲೆಕ್ಕ.