ಆ್ಯಡಲ್‌ಸ್ಟ್ರಾಪ್‌ನ ಹೆಸರುಫಲಕ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮೆಯ ಆ್ಯಡಲ್‌ಸ್ಟ್ರಾಪ್ ಎಂಬ ಪುಟ್ಟ ಹಳ್ಳಿಯ ರೈಲು ನಿಲ್ದಾಣವನ್ನು 1966ರ ಜನವರಿಯಲ್ಲಿ ಮುಚ್ಚಿದರು. ಕಟ್ಟಡವೂ ಉಳಿಯಲಿಲ್ಲ. ಹಳಿಗಳು ಮಾತ್ರ ಹಾಗೆಯೇ ಇವೆ. ಆಕ್ಸ್‌ಫರ್ಡ್‌ನಿಂದ ವೂಸ್ಟರ್‌ಗೆ ಹೋಗುವ ಗಾಡಿಗಳು ಇಂದಿಗೂ ಆ ಜಾಗವನ್ನು ನಿಲ್ಲದೆ ದಾಟಿಹೋಗುತ್ತವೆ.

ನಿಲ್ದಾಣ ತೆರೆದದ್ದು 1853ರಲ್ಲಿ. ಕಟ್ಟಿದ್ದು ಆಕ್ಸ್‌ಫರ್ಡ್, ವೂಸ್ಟರ್ ಮತ್ತು ವುಲ್ವರ್‌ಹ್ಯಾಂಪ್ಟನ್ ರೈಲ್ವೆ ಕಂಪನಿ. ಅದರ ಮೊದಲಕ್ಷರಗಳನ್ನು ಪ್ರಯಾಣಿಕರು ‘ಓಲ್ಡ್ ವರ್ಸ್ ಅಂಡ್ ವರ್ಸ್’ ಎಂದು ಬಿಡಿಸಿ ಓದುತ್ತಿದ್ದರಂತೆ. ರೈಲನ್ನು ಬೈಯುವುದರಲ್ಲಿ ಎಲ್ಲ ದೇಶದವರೂ ನಮ್ಮವರೇ! 1863ರಲ್ಲಿ ಮಾರ್ಗವು ಗ್ರೇಟ್ ವೆಸ್ಟರ್ನ್ ರೈಲ್ವೆಯ ಪಾಲಾಯಿತು. ಮುಂದಿನ ಐವತ್ತು ವರ್ಷಗಳಲ್ಲಿ ಹೊರಗಿನವರು ಈ ನಿಲ್ದಾಣದ ಹೆಸರನ್ನು ನೆನಪಿಡಲು ಕಾರಣವೇನೂ ಇರಲಿಲ್ಲ.

1914ರ ಜೂನ್ 24ರಂದು ಎಡ್ವರ್ಡ್ ಥಾಮಸ್ ಎಂಬ ಲೇಖಕರು ಈ ಮಾರ್ಗವಾಗಿ ಪಶ್ಚಿಮಕ್ಕೆ ಹೊರಟಿದ್ದರು, ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಅವರನ್ನು ಕಾಣಲು. ಥಾಮಸ್ ಆಗಿನ್ನೂ ಕವಿಯಲ್ಲ. ಗದ್ಯ ಬರೆದು, ಪುಸ್ತಕ ವಿಮರ್ಶಿಸಿ ಸಂಸಾರ ತೂಗಿಸುತ್ತಿದ್ದವರು. ಗಾಡಿ ಆ್ಯಡಲ್‌ಸ್ಟ್ರಾಪ್‌ನಲ್ಲಿ ನಿಂತಿತು. ಅಲ್ಲಿ ಕಂಡದ್ದನ್ನು, ಕೇಳಿಸಿದ್ದನ್ನು ಅವರು ಟಿಪ್ಪಣಿ ಪುಸ್ತಕದಲ್ಲಿ ಗುರುತುಮಾಡಿಕೊಂಡರು. ನಾಲ್ಕು ದಿನಗಳ ಮೇಲೆ ಸರಾಯೇವೋದಲ್ಲಿ ಗುಂಡು ಹಾರಿತು. ಬೇಸಿಗೆ ಮುಗಿಯುವ ಮುನ್ನವೇ ಯುರೋಪು ಯುದ್ಧಕ್ಕಿಳಿದಿತ್ತು.

ಆ ಟಿಪ್ಪಣಿ 1915ರ ಜನವರಿಯಲ್ಲಿ ಹದಿನಾರು ಸಾಲಿನ ಕವಿತೆಯಾಯಿತು. ಊರಿನ ಹೆಸರೇ ಅದರ ಹೆಸರು. ಖಾಲಿ ಪ್ಲಾಟ್‌ಫಾರಂ, ಸೆಕೆ, ಮೌನ, ಹಕ್ಕಿಯ ದನಿ: ಅದರಲ್ಲಿರುವುದು ಇಷ್ಟೇ. ಯುದ್ಧದ ಪ್ರಸ್ತಾಪವಿಲ್ಲ. ಆದರೂ ಬರೆದ ದಿನಾಂಕವನ್ನು ಬಲ್ಲ ನಾವು ಅದನ್ನು ಯುದ್ಧದಿಂದ ಬಿಡಿಸಿ ಓದಲಾರೆವು. ಥಾಮಸ್ ಅದೇ ವರ್ಷ ಸೈನ್ಯ ಸೇರಿದರು. 1917ರ ಏಪ್ರಿಲ್ 9ರಂದು ಫ್ರಾನ್ಸಿನ ಅರಾಸ್ ಕದನದಲ್ಲಿ ಮಡಿದರು. ಕವಿತೆ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಅಚ್ಚಾದದ್ದು ಆ ತಿಂಗಳ ಕೊನೆಯಲ್ಲಿ.

ಅವರು ಮೆಚ್ಚಿದ ಆ ನಿರ್ಜನತೆಯನ್ನೇ ರೈಲ್ವೆಯವರು ಮುಂದೆ ನಷ್ಟದ ಬಾಬತ್ತಿಗೆ ಬರೆದರು. ರಿಚರ್ಡ್ ಬೀಚಿಂಗ್ ಅವರ 1963ರ ವರದಿ 2,300ಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಲು ಸೂಚಿಸಿತ್ತು. ಹತ್ತುವವರೂ ಇಳಿಯುವವರೂ ವಿರಳವಾದ ಹಳ್ಳಿಯ ನಿಲ್ದಾಣಗಳು ಆ ದಶಕದಲ್ಲಿ ಸಾಲುಸಾಲಾಗಿ ಅಳಿದವು. ಲೆಕ್ಕ ಸುಳ್ಳೆಂದು ನಾವು ಹೇಳಲಾರೆವು. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಹಕ್ಕಿಯ ದನಿಗೆ ಕಲಮು ಇರಲಿಲ್ಲ.

ಹಳೆಯ ಹೆಸರುಫಲಕವನ್ನು ಊರಿನವರು ಹಳ್ಳಿಯ ಬಸ್ ತಂಗುದಾಣದೊಳಗೆ ನಿಲ್ಲಿಸಿದ್ದಾರೆ. ಪಕ್ಕದಲ್ಲಿ ನಿಲ್ದಾಣದ್ದೇ ಬೆಂಚು. ಅದರ ಮೇಲೊಂದು ಲೋಹದ ತಗಡಿನಲ್ಲಿ ಆ ಹದಿನಾರು ಸಾಲುಗಳಿವೆ.