ರಾಗಿಯ ಬರ ಸಹಿಷ್ಣುತೆ: ಪ್ರತಿಲೇಖನ ಅಂಶಗಳ ಸಂಶೋಧನೆಯ ಇತಿಹಾಸ

ಕೋಲಾರ ಜಿಲ್ಲೆಯ ಬಂಗಾರಪೇಟೆ, ಕೆಜಿಎಫ್ ಸೀಮೆಯ ಕೆಂಪು ನೆಲದಲ್ಲಿ ಮಳೆಯಾಶ್ರಿತ ಮುಖ್ಯ ಬೆಳೆ ರಾಗಿ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಪಾಲಾರ್ ನದಿಯೂ ಮಳೆ ಬಂದರಷ್ಟೇ ಹೊಳೆ. ಬಿತ್ತನೆಯ ಮೇಲೆ ಮಳೆ ಕೈಕೊಟ್ಟರೆ ಪೈರು ಬಾಡುತ್ತದೆ, ಒಂದು ಹದಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಈ ಚೇತರಿಕೆಯ ಹಿಂದೆ ಪ್ರತಿಲೇಖನ ಅಂಶಗಳೆಂಬ ಪ್ರೋಟೀನುಗಳ ಕೆಲಸವೂ ಇದೆ. ಇವು ಡಿಎನ್‌ಎಯ ಗೊತ್ತಾದ ಜಾಗಗಳಿಗೆ ಅಂಟಿಕೊಂಡು ಇತರ ಜೀನ್‌ಗಳು ಯಾವಾಗ, ಎಷ್ಟು ಕೆಲಸ ಮಾಡಬೇಕೆಂದು ನಿರ್ಧರಿಸುತ್ತವೆ. ಊರ ಕೆರೆಯ ತೂಬಿನ ಹಾಗೆ, ಒಂದನ್ನು ತೆರೆದರೆ ಹತ್ತಾರು ಕಾಲುವೆಗಳಿಗೆ ನೀರು.

ಸಸ್ಯಗಳಲ್ಲಿ ಇಂಥ ಅಂಶದ ಜೀನ್ ಮೊದಲು ಸಿಕ್ಕಿದ್ದು 1987ರಲ್ಲಿ; ಅದು ಮೆಕ್ಕೆಜೋಳದ ಕಾಳಿನ ಬಣ್ಣವನ್ನು ನಿರ್ಧರಿಸುವ ಸಿ1 ಜೀನ್. ಬರಕ್ಕೂ ಚಳಿಗೂ ಸ್ಪಂದಿಸುವ ಡ್ರೆಬ್ ಅಂಶಗಳು 1990ರ ದಶಕದ ಕೊನೆಯಲ್ಲಿ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ತಿಳಿದುಬಂದವು. 2000ದಲ್ಲಿ ಅದೇ ಗಿಡದ ಜೀನೋಮ್, ಅಂದರೆ ಇಡೀ ಡಿಎನ್‌ಎ ಸರಣಿ, ಪ್ರಕಟವಾದ ಮೇಲೆ ನ್ಯಾಕ್, ಮಿಬ್, ಬಿಜಿಪ್ ಮೊದಲಾದ ಪ್ರತಿಲೇಖನ ಅಂಶ ಕುಟುಂಬಗಳ ಸದಸ್ಯರನ್ನು ಪೂರ್ತಿಯಾಗಿ ಎಣಿಸುವುದು ಸಾಧ್ಯವಾಯಿತು. ರಾಗಿಯಲ್ಲಿ ಈ ಎಣಿಕೆ ಅಷ್ಟು ಸುಲಭವಲ್ಲ. ಇಂದು ಹೆಚ್ಚಾಗಿ ಬೆಳೆಯುವ ಹತ್ತಿಯಂತೆ ರಾಗಿಯೂ ಎರಡು ಮೂಲ ಜೀನೋಮ್‌ಗಳು ಕೂಡಿ ಹುಟ್ಟಿದ ಬೆಳೆ. ಹಾಗಾಗಿ ಎರಡರಲ್ಲೂ ಇಂಥ ಜೀನ್‌ಗಳ ಜೋಡಿ ಪ್ರತಿಗಳಿರುತ್ತವೆ. ಎಣಿಕೆ, ವಿಂಗಡಣೆ ಎರಡೂ ತೊಡಕಾಗುತ್ತವೆ.

ತಳಿಗಾರರು ಜೀನ್‌ಗಳನ್ನು ಕಾಣುವ ಮೊದಲೇ ಅವುಗಳ ಫಲವನ್ನು ಆರಿಸುತ್ತಿದ್ದರು. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಹಳೆ ಮೈಸೂರಿನ ಮನೆಮನೆಯ ಮುದ್ದೆಗೆ ಹಿಟ್ಟು ಒದಗಿಸಿದ ಈ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಂದಿಲ್ಲ. ಇಂಡಾಫ್-5ರ ಸಂತತಿಯೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬರ ಸಹಿಷ್ಣು ತಳಿ ಎಂಎಲ್-365.

ಅದೇ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಎಂ. ಉದಯಕುಮಾರ್ ಮತ್ತು ಸಂಗಡಿಗರು ಬೆಳೆಗಳ ಒತ್ತಡ ಸಹಿಷ್ಣುತೆಯ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ಸಸಿಗೆ ಮೊದಲು ಸ್ವಲ್ಪ ಬಿಸಿ, ಆಮೇಲೆ ಕಡು ಬಿಸಿ ತಗುಲಿಸಿದರೆ ತಳಿ ತಳಿಗಳ ನಡುವಿನ ನಿಜವಾದ ವ್ಯತ್ಯಾಸ ಹೊರಬೀಳುತ್ತದೆ ಎಂಬುದು ಅವರು ಬಳಸಿದ ಪರೀಕ್ಷೆಯ ತಿರುಳು. ಏಕೆಂದರೆ ಹದವಾಗಿ ಬರುವ ಕಷ್ಟದಲ್ಲೇ ಗಿಡ ರಕ್ಷಣೆಯ ಜೀನ್‌ಗಳನ್ನು ಎಬ್ಬಿಸಿಕೊಳ್ಳುತ್ತದೆ. ಈ ತಂಡ 2012ರಲ್ಲಿ ರಾಗಿಯ ಇಸಿನ್ಯಾಕ್1 ಎಂಬ ಪ್ರತಿಲೇಖನ ಅಂಶವನ್ನು ವರದಿ ಮಾಡಿತು. ಅದನ್ನು ತಂಬಾಕು ಗಿಡಕ್ಕೆ ಸೇರಿಸಿದಾಗ ಗಿಡ ಉಪ್ಪನ್ನೂ ನೀರಿನ ಕೊರತೆಯನ್ನೂ ಹೆಚ್ಚು ತಾಳಿಕೊಂಡಿತು. 2015ರಲ್ಲಿ ಇಸಿಬಿಎಚ್‌ಎಲ್‌ಎಚ್57 ಎಂಬ ಇನ್ನೊಂದು ಅಂಶವೂ ತಂಬಾಕಿನಲ್ಲೇ ಇಂಥ ಗುಣ ತೋರಿತು. ಪರೀಕ್ಷೆಗೆ ತಂಬಾಕು ಅನುಕೂಲ: ಜೀನ್ ವರ್ಗಾವಣೆ ಅದರಲ್ಲಿ ಸುಲಭ, ರಾಗಿಯಲ್ಲಿ ಕಷ್ಟ. ಆದರೆ ಕುಂಡದ ತಂಬಾಕು ತಾಳಿದ್ದು ಹೊಲದ ರಾಗಿಯ ತೆನೆಯ ತೂಕಕ್ಕೆ ಪುರಾವೆಯಾಗದು.

2017ರಲ್ಲಿ ಅದೇ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ನೇತೃತ್ವದಲ್ಲಿ ಎಂಎಲ್-365ರ ಜೀನೋಮ್ ಕರಡು ಪ್ರಕಟವಾಯಿತು: 1,196 ಮೆಗಾಬೇಸ್ (ಒಂದು ಮೆಗಾಬೇಸ್ ಎಂದರೆ ಹತ್ತು ಲಕ್ಷ ಡಿಎನ್‌ಎ ಅಕ್ಷರಗಳು) ಉದ್ದ, 85,243 ಜೀನ್‌ಗಳು. ಅಂದಾಜು ಜೀನೋಮ್‌ನ ಸುಮಾರು ಶೇ. 82 ಭಾಗ ಇದರಲ್ಲಿ ಬಂದಿತ್ತು. ಮರುವರ್ಷ ಪಿಆರ್-202 ತಳಿಯ ಜೀನೋಮ್ ಕೂಡ ಹೊರಬಂತು. ರಾಗಿಯ ನ್ಯಾಕ್, ಡ್ರೆಬ್ ಕುಟುಂಬಗಳನ್ನು ಇಡಿಯಾಗಿ ಹುಡುಕಲು, ತಳಿಗಳ ನಡುವೆ ಹೋಲಿಸಲು ಇವುಗಳಿಂದ ದಾರಿಯಾಯಿತು.